ಉಲ್ಕಾಶಿಲೆ ಹುಡುಕಲು ಡಿಟೆಕ್ಟರ್ ಕೊಳ್ಳುವ ಮುಂಚೆ ಇದನ್ನು ಓದಿ

ಮೆಟಲ್ ಡಿಟೆಕ್ಟರ್‌ಗೆ, ಅಂದರೆ ಲೋಹ ಪತ್ತೆ ಮಾಡುವ ಯಂತ್ರಕ್ಕೆ, ದುಡ್ಡು ಕೊಡುವ ಮುಂಚೆ ಅದರ ಮುಂದೆ ಒಂದು ನಿಜವಾದ ಉಲ್ಕಾಶಿಲೆ ಹಿಡಿದು ನೋಡಿ. ನಾನು ನೋಡಲಿಲ್ಲ. 28,000 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಬೇಜಾರು, ಎರಡು ಬೇಸಿಗೆ ಹೋಯಿತು.

ನನ್ನದು ಮಂಡ್ಯ. 1865ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಮದ್ದೂರಿನ ಕಡೆ ಒಂದು ಉಲ್ಕಾಶಿಲೆ ಬಿದ್ದಿತ್ತು. ಪಟ್ಟಿಗಳಲ್ಲಿ ಅದರ ಹೆಸರು 'ಮುದ್ದೂರ್'. ಸಿಕ್ಕಿದ್ದು ಸುಮಾರು ನಾಲ್ಕೂವರೆ ಕೆ.ಜಿ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ದಿನಾ ಓಡಾಡುವ ನೆಲದಲ್ಲೇ ಇನ್ನೊಂದು ಚೂರು ಇರಬಹುದಲ್ವಾ ಎಂಬ ಆಸೆ.

ಆನ್‌ಲೈನ್‌ನಲ್ಲಿ ಒಂದು ವಿಎಲ್ಎಫ್ (ಕಡಿಮೆ ಆವರ್ತನದ ಅಲೆ ಕಳಿಸಿ ಲೋಹ ಹುಡುಕುವ) ಡಿಟೆಕ್ಟರ್ ಕಾಣಿಸಿತು. ಚಿನ್ನ, ನಾಣ್ಯ, ಉಲ್ಕಾಶಿಲೆ ಎಲ್ಲವನ್ನೂ ಹಿಡಿಯುತ್ತದೆ ಎಂದು ಬರೆದಿದ್ದರು. ತರಿಸಿದೆ. ಸಂಕ್ರಾಂತಿ ಕಳೆದು, ರಾಗಿ ಕುಯ್ದ ಹೊಲಗಳಲ್ಲಿ ಓಡಾಡಲು ಶುರು ಮಾಡಿದೆ. ಎರಡು ಹೆಜ್ಜೆಗೊಮ್ಮೆ ಸದ್ದು. ಅಗೆದರೆ ಎತ್ತಿನ ಲಾಳ, ಲಾಳದ ಮೊಳೆ, ನೇಗಿಲ ಕುಳದ ಚೂರು. ತಲೆಮಾರುಗಳಿಂದ ಉತ್ತ ನೆಲ ಅದು, ಕಬ್ಬಿಣ ಇಲ್ಲದ ಗಜ ಜಾಗ ಸಿಗಲ್ಲ. ಮಾರಿದವರಿಗೆ ಫೋನ್ ಮಾಡಿದೆ. 'ಡಿಸ್ಕ್ರಿಮಿನೇಷನ್ ಆನ್ ಮಾಡಿ ಸಾರ್, ಕಸದ ಕಬ್ಬಿಣ ಕೇಳಿಸಲ್ಲ' ಎಂದರು. ಆನ್ ಮಾಡಿದೆ. ಮೊಳೆಗಳ ಸದ್ದು ನಿಂತಿತು. ಎಷ್ಟು ಹಾಯಾಗಿತ್ತು ಅಂದರೆ ಆ ಬೇಸಿಗೆ ಪೂರ್ತಿ ಹಾಗೇ ನಡೆದೆ.

ಮಳೆಗಾಲದಲ್ಲಿ ಮೈಸೂರಿನ ಗೆಳೆಯರೊಬ್ಬರು ಒಂದು ಕಲ್ಲು ತೋರಿಸಿದರು. ಸಹಾರಾದಲ್ಲಿ ಸಿಕ್ಕ ಕಾಂಡ್ರೈಟ್ (ಕಲ್ಲಿನ ಜಾತಿಯ ಉಲ್ಕಾಶಿಲೆ), 62 ಗ್ರಾಂ, ದುಡ್ಡು ಕೊಟ್ಟು ತರಿಸಿದ್ದು. ಅದನ್ನು ಅವರ ಮನೆ ಹಿತ್ತಲಲ್ಲಿ ಇಟ್ಟು, ಅದರ ಮೇಲೆ ಯಂತ್ರದ ಕಾಯಿಲ್ (ತುದಿಯಲ್ಲಿರುವ ತಂತಿ ಸುತ್ತಿದ ಬಳೆ) ಆಡಿಸಿದೆ. ಸದ್ದೇ ಇಲ್ಲ. ಕಲ್ಲಿಗೆ ತಾಗಿಸಿದರೂ ಇಲ್ಲ. ಡಿಸ್ಕ್ರಿಮಿನೇಷನ್ ಆಫ್ ಮಾಡಿದ ತಕ್ಷಣ ಕೂಗಿತು.

ಆಗ ಅರ್ಥವಾಯಿತು. ಉಲ್ಕಾಶಿಲೆಯಲ್ಲಿರುವ ಲೋಹವೇ ಕಬ್ಬಿಣ ಮತ್ತು ನಿಕಲ್. ಕಬ್ಬಿಣ ಬೇಡ ಎಂದು ಯಂತ್ರಕ್ಕೆ ಹೇಳಿದರೆ ಉಲ್ಕಾಶಿಲೆಯೂ ಬೇಡ ಎಂದು ಹೇಳಿದ ಹಾಗೆ. ಆ ಬೇಸಿಗೆಯಲ್ಲಿ ಯಾವ ಹೊಲದಲ್ಲಿ ಯಾವ ಕಲ್ಲಿನ ಮೇಲೆ ನಡೆದು ಬಂದೆನೋ ಇವತ್ತಿಗೂ ಗೊತ್ತಿಲ್ಲ.

ಸರಿ, ನಾನೇ ಒಂದು ಕಟ್ಟುತ್ತೇನೆ ಅಂದುಕೊಂಡೆ. ಕೆಂಪು ಮಣ್ಣಿಗೆ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ವಿದ್ಯುತ್ ಏಟು ಕೊಟ್ಟು ಲೋಹ ಹುಡುಕುವ ಬಗೆ) ಒಳ್ಳೆಯದು, ಆಳಕ್ಕೂ ಹೋಗುತ್ತದೆ ಎಂದು ಎಲ್ಲ ಕಡೆ ಓದಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದೆ. ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಯಿಂದ ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ. 26 ಸೆಂಟಿಮೀಟರ್ ಅಗಲದ ಕಾಯಿಲ್, 25 ಸುತ್ತು. ಕೆಲಸ ಚೆನ್ನಾಗಿಯೇ ಆಯಿತು. ಲಾಳ ಒಂದು ಅಡಿ ದೂರದಿಂದಲೇ ಕೇಳಿಸುತ್ತಿತ್ತು. ಗೆಳೆಯರ ಕಲ್ಲು ಮಾತ್ರ ಎರಡು ಬೆರಳು ಹತ್ತಿರ ತಂದರೂ ಸರಿಯಾಗಿ ಕೇಳಿಸಲಿಲ್ಲ.

ತಪ್ಪು ನನ್ನ ಸೋಲ್ಡರಿಂಗ್‌ನದ್ದಲ್ಲ, ಆಯ್ಕೆಯದ್ದು. ಆಕಾಶದಿಂದ ಬೀಳುವುದರಲ್ಲಿ ಬಹುಪಾಲು ಕಾಂಡ್ರೈಟ್‌ಗಳು. ಅವು ಲೋಹದ ಗಟ್ಟಿಯಲ್ಲ. ನುಚ್ಚು ಹಾಕಿ ತಿರುವಿದ ಮುದ್ದೆಯಲ್ಲಿ ಅಕ್ಕಿ ಅಲ್ಲಲ್ಲಿ ಕಾಣುತ್ತದಲ್ಲ, ಹಾಗೆ ಕಲ್ಲಿನೊಳಗೆ ಲೋಹದ ಸಣ್ಣ ಕಣಗಳು ಚದುರಿರುತ್ತವೆ. ಪಲ್ಸ್ ಯಂತ್ರ ಒಂದು ಏಟು ಕೊಟ್ಟು, ಹತ್ತು ಹದಿನೈದು ಮೈಕ್ರೋಸೆಕೆಂಡ್ ಬಿಟ್ಟು ಕಿವಿಗೊಡುತ್ತದೆ. ದೊಡ್ಡ ಲೋಹದಲ್ಲಿ ಹುಟ್ಟಿದ ಸುಳಿ ವಿದ್ಯುತ್ ಅಷ್ಟು ಹೊತ್ತು ಉಳಿದಿರುತ್ತದೆ. ಸಣ್ಣ ಕಣದಲ್ಲಿ ಅಷ್ಟರಲ್ಲಿ ಆರಿಹೋಗಿರುತ್ತದೆ. ಗಟ್ಟಿ ಕಬ್ಬಿಣದ ಉಲ್ಕೆಯನ್ನು ಆಳದಲ್ಲಿ ಹುಡುಕುವವರಿಗೆ ಪಲ್ಸ್ ಸರಿ. ಕಾಂಡ್ರೈಟ್‌ಗೆ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದು ಅಡಗಿಸುವ ಹೊಂದಿಕೆ) ಕೈಯಲ್ಲೇ ತಿರುಗಿಸಲು ಬರುವ ವಿಎಲ್ಎಫ್ ಯಂತ್ರವನ್ನು ಆಲ್ ಮೆಟಲ್‌ನಲ್ಲಿಟ್ಟು, ಅಂದರೆ ಯಾವ ಲೋಹವನ್ನೂ ಬಿಡದೆ ಕೂಗುವ ಹಾಗಿಟ್ಟು, ನಡೆಯುವುದೇ ಮೇಲು. ಸದ್ದು ಜಾಸ್ತಿ, ಅಗೆತ ಜಾಸ್ತಿ. ಬೇರೆ ದಾರಿ ಇಲ್ಲ. ನಮ್ಮ ಕಡೆ ಮ್ಯಾಗ್ನಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ಇರುವ ಕಲ್ಲುಗಳೂ ಕೂಗುತ್ತವೆ, ಅದಕ್ಕೂ ಸಿದ್ಧರಾಗಿರಿ.

'ಹತ್ತು ಮೀಟರ್ ಆಳ', 'ಅರ್ಧ ಕಿಲೋಮೀಟರ್ ದೂರದಿಂದ ದಿಕ್ಕು ತೋರಿಸುತ್ತದೆ' ಎಂದು ಎರಡು ಆಂಟೆನಾ ಕಡ್ಡಿಗಳಿರುವ ಯಂತ್ರ ಮಾರುವವರೂ ಇದ್ದಾರೆ. ದಯವಿಟ್ಟು ಮುಟ್ಟಬೇಡಿ. ಅದು ಮೋಸ. ಅಂಗೈಯಗಲದ ಕಲ್ಲನ್ನು ಅಷ್ಟು ದೂರದಿಂದ ತೋರಿಸುವ ಕೈಯಂತ್ರವೇ ಇಲ್ಲ.

ಕೋಲಿನ ತುದಿಗೆ ಆಯಸ್ಕಾಂತ ಕಟ್ಟಿದರೆ ಸಾಕು ಎನ್ನುವವರಿದ್ದಾರೆ. ನಾನೂ ಕಟ್ಟಿದ್ದೆ. ಅಂಟಿದ್ದೆಲ್ಲ ಉಲ್ಕೆಯಲ್ಲ. ಹಳೆಯ ಕುಲುಮೆಗಳ ಕಿಟ್ಟ ಅಂಟುತ್ತದೆ, ಮುರಿದರೆ ಒಳಗೆ ಗುಳ್ಳೆ ಗುಳ್ಳೆ. ಮ್ಯಾಗ್ನಟೈಟ್ ಅಂಟುತ್ತದೆ, ಟೈಲ್ಸ್ ಹಿಂಬದಿಯ ಒರಟು ಮೈ ಮೇಲೆ ಉಜ್ಜಿದರೆ ಕಪ್ಪು ಗೀರು ಬೀಳುತ್ತದೆ. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಬಲವಾದ ಆಯಸ್ಕಾಂತ ತಾಗಿಸಿದರೆ ಉಲ್ಕೆಯೊಳಗಿನ ಹಳೆಯ ಕಾಂತ ದಾಖಲೆ (ಹಿಂದಿನ ಕಾಲದ ಕಾಂತಕ್ಷೇತ್ರದ ಗುರುತು) ಅಳಿಸಿಹೋಗುತ್ತದೆ. ಮಂಗಳ ಗ್ರಹದಿಂದ ಬಂದ 'ಬ್ಲ್ಯಾಕ್ ಬ್ಯೂಟಿ' ಕಲ್ಲಿನ ತುಂಡುಗಳಿಗೆ ಹೀಗೇ ಆಗಿದೆ. ಕೋಟಿಗಟ್ಟಲೆ ವರ್ಷ ಉಳಿದು ಬಂದದ್ದು ನಮ್ಮ ಕೈಯಲ್ಲಿ ಒಂದು ಕ್ಷಣಕ್ಕೆ ಹೋಗುತ್ತದೆ. ಗೆಳೆಯರ ಕಲ್ಲಿಗೂ ನಾನು ಆಯಸ್ಕಾಂತ ತಾಗಿಸಿದ್ದೆ. ನೆನೆದರೆ ಸಂಕಟವಾಗುತ್ತದೆ. ಈಗ ಕಲ್ಲಿನ ಹತ್ತಿರ ಒಂದು ಸಣ್ಣ ದಿಕ್ಸೂಚಿ ಹಿಡಿಯುತ್ತೇನೆ. ಕಲ್ಲು ಆಯಸ್ಕಾಂತಕ್ಕೆ ಅಂಟುವಂಥದ್ದೇ ಎಂದು ತಿಳಿಯಲು ಮುಳ್ಳು ಅಲ್ಲಾಡಿದರೆ ಸಾಕು.

ಎರಡನೇ ಬೇಸಿಗೆ ಮುಗಿದದ್ದು ಬೇರೆ ಕಾರಣಕ್ಕೆ. ಪಾಳು ಹೊಲವೊಂದರಲ್ಲಿ ಯಾರನ್ನೂ ಕೇಳದೆ ಅಗೆಯುತ್ತಿದ್ದೆ. ಪಕ್ಕದಲ್ಲಿ ಒಂದು ಹಳೆಯ ಗುಡಿ. ಹತ್ತಾರು ಜನ ಬಂದು ಸುತ್ತುವರಿದರು, ನಿಧಿ ಕಳ್ಳ ಅಂದುಕೊಂಡರು. ಅವರದ್ದು ತಪ್ಪಲ್ಲ. ಗುಡಿಗಳ ಹತ್ತಿರ ನಿಧಿಗಾಗಿ ಅಗೆದು ಹಾಳುಮಾಡಿದವರನ್ನು ಅವರು ಕಂಡಿದ್ದಾರೆ. ಊರಿನ ಹಿರಿಯರೊಬ್ಬರು ನನ್ನ ಮಾತು ಕೇಳಿಸಿಕೊಂಡಿದ್ದರಿಂದ ಪೆಟ್ಟು ಬೀಳಲಿಲ್ಲ. ಹೊಲದ ಮಾಲೀಕರ ಒಪ್ಪಿಗೆ ಇಲ್ಲದೆ ಯಂತ್ರ ಹೊರಗೆ ತೆಗೆಯಲೇಬೇಡಿ. ಶ್ರೀರಂಗಪಟ್ಟಣದ ಕೋಟೆಯಂಥ ಸಂರಕ್ಷಿತ ಜಾಗಗಳಿಗಂತೂ ಒಯ್ಯಲೇಬೇಡಿ. ನಿಜವಾಗಿ ಏನಾದರೂ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಜಿಎಸ್‌ಐ, ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಮಾರಿ ದುಡ್ಡು ಮಾಡುವ ಲೆಕ್ಕದಲ್ಲಿ ಈ ಕೆಲಸಕ್ಕೆ ಇಳಿಯಬೇಡಿ.

ಗೆಳೆಯರು ಆ 62 ಗ್ರಾಂ ಕಲ್ಲನ್ನು ಈಗ ನನ್ನ ಹತ್ತಿರವೇ ಬಿಟ್ಟಿದ್ದಾರೆ. ಮೈಸೂರು, ಮಂಡ್ಯ ಕಡೆಯವರು ಯಾರಾದರೂ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದರೆ ಕೆಳಗೆ ಬರೆಯಿರಿ. ಕಲ್ಲು ತೆಗೆದುಕೊಂಡು ನಾನೇ ಅಂಗಡಿಗೆ ಬರುತ್ತೇನೆ.