ಯೂಮಾ ಒರಾಕಲ್‌ನ ಮತದಾರನಾಗಿ: ಮೂಡಿಗೆರೆಯ ಕಾಫಿ ಬೆಳೆಗಾರನ ಅನುಭವ

ನಮ್ಮ ತೋಟದ ಮನೆಯ ಜಗಲಿಯಲ್ಲಿ ಒಂದು ಮಳೆಪುಸ್ತಕವಿದೆ. ಅಂಗಳದ ಮಾಪಕದಲ್ಲಿ ಬೆಳಿಗ್ಗೆ ಕಂಡದ್ದನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತೇವೆ. ಹೂಮಳೆ ನಮಗೆ ಒಂದಿಂಚು ಸುರಿದ ದಿನ ಹಳ್ಳದಾಚೆಯ ತೋಟಕ್ಕೆ ಇಪ್ಪತ್ತು ಸೆಂಟೂ ಬಿದ್ದಿರುವುದಿಲ್ಲ. ಎಷ್ಟು ಮಳೆ ಬಿತ್ತೆಂದು ಹೇಳುವವರು ಯಾರು, ಆ ಮಾತು ತಪ್ಪಿದ್ದರೆ ತಕರಾರು ಎತ್ತುವುದು ಹೇಗೆ? ಬೆಳೆವಿಮೆಯ ಪ್ರತಿ ಚರ್ಚೆಯಲ್ಲೂ ಬರುವ ಈ ಪ್ರಶ್ನೆಯೇ ನನ್ನನ್ನು ಒರಾಕಲ್‌ಗಳ ಕಡೆಗೆ ಎಳೆಯಿತು.

ಹಲವು ಕಂಪ್ಯೂಟರ್‌ಗಳು ಒಟ್ಟಾಗಿ ಇಟ್ಟುಕೊಳ್ಳುವ ಲೆಕ್ಕಪುಸ್ತಕವಾದ ಬ್ಲಾಕ್‌ಚೈನ್‌ಗೆ ಹೊರಜಗತ್ತು ಕಾಣುವುದಿಲ್ಲ. ಕಾಫಿಯ ಧಾರಣೆಯಾಗಲಿ, ಚುನಾವಣೆಯ ಫಲಿತಾಂಶವಾಗಲಿ, ಯಾರಾದರೂ ತಂದು ಹೇಳಬೇಕು. ಆ ಕೆಲಸ ಒರಾಕಲ್‌ನದು. ಅಂಥದ್ದೇ ಒಂದು ಒರಾಕಲ್ ಆದ ಯೂಮಾದಲ್ಲಿ ಒಬ್ಬರು ಠೇವಣಿ ಇಟ್ಟು ಉತ್ತರ ಹೇಳುತ್ತಾರೆ. ನಿಗದಿತ ಅವಧಿಯಲ್ಲಿ, ಸಾಮಾನ್ಯವಾಗಿ ಎರಡು ಗಂಟೆಯೊಳಗೆ, ಯಾರೂ ಆಕ್ಷೇಪಿಸದಿದ್ದರೆ ಅದೇ ಖಾಯಂ. ಆಕ್ಷೇಪ ಬಂದರೆ ವಿಷಯ ಯೂಮಾದ ಟೋಕನ್, ಅಂದರೆ ಅದರದೇ ಡಿಜಿಟಲ್ ನಾಣ್ಯ, ಒತ್ತೆ ಇಟ್ಟವರ ಮತಕ್ಕೆ ಹೋಗುತ್ತದೆ. ಮತದಾನದ ಹೊಸ ಪದ್ಧತಿ ಜಾರಿಗೆ ಬಂದ 2023ರಲ್ಲೇ ನಾನೂ ಸ್ವಲ್ಪ ಟೋಕನ್ ಇಟ್ಟೆ.

ಒಂದು ಮತಕ್ಕೆ ಎರಡು ದಿನ ಬೇಕು. ಮೊದಲ 24 ಗಂಟೆಯಲ್ಲಿ ಮುಚ್ಚಿದ ಲಕೋಟೆಯಂತೆ ಮತ ಸಲ್ಲಿಸಬೇಕು, ಮುಂದಿನ 24 ಗಂಟೆಯಲ್ಲಿ ಅದನ್ನು ತೆರೆದು ತೋರಿಸಬೇಕು. ಪಕ್ಕದವರ ಉತ್ತರ ನೋಡಿ ಬರೆಯಲು ದಾರಿಯೇ ಇಲ್ಲ. ಪಾಳಿ ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ. ಒಲೆಯ ಮೇಲೆ ಕಾಫಿಗೆ ನೀರಿಟ್ಟು ಮೊಬೈಲ್ ತೆರೆಯುತ್ತೇನೆ, ಬೆಳಕು ಹರಿದ ಮೇಲೆ ಮಾಪಕದ ಕಡೆ ನಡೆಯುತ್ತೇನೆ.

ಬರುವ ತಕರಾರುಗಳು ಹೆಚ್ಚಾಗಿ ಪದಗಳ ಮೇಲಿನವು. ಪಾಲಿಮಾರ್ಕೆಟ್ ಎಂಬ ಪಣದ ತಾಣ ತನ್ನ ವಿವಾದಗಳನ್ನು ಇಲ್ಲಿಗೆ ತರುತ್ತದೆ. 2025ರಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್ಸ್ಕಿ ನೇಟೋ ಸಭೆಗೆ ತೊಟ್ಟು ಬಂದ ಕಪ್ಪು ಉಡುಪು ಸೂಟು ಹೌದೋ ಅಲ್ಲವೋ ಎಂಬುದೇ ದೊಡ್ಡ ಜಗಳವಾಯಿತು. ಆ ಚಿತ್ರಗಳನ್ನು ಹಿಗ್ಗಿಸಿ ಕಾಲರು, ಜೇಬು, ಹೊಲಿಗೆ ನೋಡುತ್ತಾ ಒಂದು ಸಂಜೆ ಕಳೆದಿದ್ದೇನೆ. ಕೊನೆಗೆ ಬಂದ ತೀರ್ಪು ‘ಇಲ್ಲ’ ಎಂದು.

ತಪ್ಪು ಮತಕ್ಕೂ ಗೈರುಹಾಜರಿಗೂ ದಂಡವಿದೆ. ನಾನು ಸೇರಿದಾಗ ಅದು ಇಟ್ಟ ಟೋಕನ್‌ನ ಶೇಕಡಾ 0.1. ದಂಡದ ಮೊತ್ತ ಸರಿಯಾಗಿ ಮತ ಹಾಕಿದವರಿಗೆ ಸೇರುತ್ತದೆ. ಒಂದು ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟಿರಲಿಲ್ಲ, ಟವರ್ ಕೂಡ ನಿಂತುಹೋಗಿತ್ತು. ಸಲ್ಲಿಸಿದ ಮತವನ್ನು ತೆರೆಯಲಾಗದೆ ದಂಡ ತೆತ್ತೆ. ನಷ್ಟವಾದರೂ ಈ ನಿಯಮ ನನಗೆ ಒಪ್ಪಿಗೆ. ಕೋರಂ ಇಲ್ಲದೆ ಮುಂದೂಡಿದ ಮಹಾಸಭೆಗಳಿಂದ ಬರಿಗೈಯಲ್ಲಿ ಎದ್ದುಬಂದವನು ನಾನು.

ಒಪ್ಪಿಗೆಯಾಗದ್ದು ಮತದ ತೂಕ. ಸಹಕಾರ ಸಂಘದಲ್ಲಿ ನೂರೆಕರೆಯವರಿಗೂ ಎರಡೆಕರೆಯವರಿಗೂ ಒಂದೇ ಮತ. ಇಲ್ಲಿ ಟೋಕನ್ ಇದ್ದಷ್ಟು ಮತ. ಒಬ್ಬನೇ ಸಾವಿರ ಖಾತೆ ತೆರೆಯಬಹುದಾದ ಜಾಗದಲ್ಲಿ ತಲೆಗೊಂದು ಮತ ನಡೆಯುವುದಿಲ್ಲ ಎಂಬುದು ನಿಜ. ಆದರೆ 2025ರ ಮಾರ್ಚ್‌ನಲ್ಲಿ, ಅಮೆರಿಕದ ಜೊತೆಗಿನ ಖನಿಜ ಒಪ್ಪಂದಕ್ಕೆ ಉಕ್ರೇನ್ ಒಪ್ಪುವುದೇ ಎಂಬ ಪಾಲಿಮಾರ್ಕೆಟ್ ಪ್ರಶ್ನೆಗೆ, ಸಹಿಯೇ ಬೀಳದಿದ್ದಾಗಲೂ ‘ಹೌದು’ ಎಂಬ ಉತ್ತರ ಗೆದ್ದಿತು. ಮತಗಳ ಸುಮಾರು ಕಾಲು ಭಾಗ ಒಬ್ಬರದೇ ಎಂಬ ಆರೋಪ ಕೇಳಿಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಪಾಲಿಮಾರ್ಕೆಟ್‌ನ ಪ್ರಶ್ನೆಗಳಿಗೆ ಉತ್ತರ ಸೂಚಿಸುವ ಅವಕಾಶವನ್ನು ಅನುಭವಿಗಳ ಪಟ್ಟಿಗೆ ಸೀಮಿತಗೊಳಿಸಿದರು. ಆತುರದ ತಪ್ಪು ಉತ್ತರಗಳಿಗೆ ಅದು ತಡೆ ಹಾಕೀತು, ಮತದ ತೂಕ ಮಾತ್ರ ಇದ್ದಂತೆಯೇ ಇದೆ. ದೊಡ್ಡ ಹಿಡಿತಕ್ಕೆ ಒಂದು ಮಿತಿ ಬರುವವರೆಗೆ ಪೂರ್ಣ ಅಂಕ ಕೊಡಲಾರೆ. ಐದಕ್ಕೆ ಮೂರು.

ಸೇರುವವರಿಗೆ ಎರಡು ಮಾತು. ಇಟ್ಟ ಟೋಕನ್ ಹಿಂಪಡೆಯಲು ಏಳು ದಿನ ಕಾಯಬೇಕು. ಮಾರಿದಾಗಿನ ಲಾಭಕ್ಕೆ ನಮ್ಮಲ್ಲಿ ಶೇಕಡಾ 30 ತೆರಿಗೆಯಿದೆ, ನಷ್ಟವನ್ನು ಬೇರೆ ಆದಾಯದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ತೋಟದ ಖರ್ಚಿಗೆಂದು ಎತ್ತಿಟ್ಟ ಹಣವನ್ನು ಇದಕ್ಕೆ ಹಾಕಬೇಡಿ.

ಮತ ಹಾಕುವ ಅಧಿಕಾರವನ್ನು ಮಾತ್ರ ಇನ್ನೊಬ್ಬರ ವಾಲೆಟ್‌ಗೆ (ಟೋಕನ್ ಇಡುವ ಡಿಜಿಟಲ್ ಖಾತೆಗೆ) ವಹಿಸಬಹುದು, ಟೋಕನ್ ನಮ್ಮ ಹೆಸರಲ್ಲೇ ಉಳಿಯುತ್ತದೆ. ಇಬ್ಬರೂ ತಮ್ಮ ತಮ್ಮ ವಾಲೆಟ್‌ನಿಂದ ಒಪ್ಪಬೇಕು. ಹಾಸನದಲ್ಲಿರುವ ತಂಗಿಯ ಮನೆಯಲ್ಲಿ ಮಳೆಗಾಲದಲ್ಲೂ ಕರೆಂಟ್ ಅಷ್ಟಾಗಿ ಹೋಗುವುದಿಲ್ಲ. “ಅಣ್ಣ, ಪ್ರಶ್ನೆಯನ್ನು ನಾನೇ ಓದಿ ತೀರ್ಮಾನಿಸುತ್ತೇನೆ, ನೀನು ಹೇಳಿದ್ದಕ್ಕೆಲ್ಲ ಒತ್ತುವುದಿಲ್ಲ” ಎಂಬ ಕರಾರಿನ ಮೇಲೆ ಒಪ್ಪಿದ್ದಾಳೆ. ಈ ಜೂನ್‌ನಿಂದ ಆಗಸ್ಟ್‌ವರೆಗಿನ ಮತಗಳು ಅವಳವು.