ಕೂಸಿನ ಚಪ್ಪಟೆ ತಲೆಗೆ ಹೆಲ್ಮೆಟ್: ಯಾರಿಗೆ ಬೇಕು, ಯಾರಿಗೆ ಬೇಡ

ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಫೋಮಿನ ಪದರ, ಒಂದು ಪಕ್ಕ ಸೀಳು, ಅದನ್ನು ಬಿಗಿಯಲು ವೆಲ್ಕ್ರೋ ಪಟ್ಟಿ. ಕೂಸಿನ ತಲೆಗೆ ಹಾಕುವ ಹೆಲ್ಮೆಟ್ ಎಂದರೆ ಇಷ್ಟೇ. ತೂಕ ಸಾಮಾನ್ಯವಾಗಿ 200 ಗ್ರಾಂ ಆಸುಪಾಸು. ಇದು ತಲೆಯನ್ನು ಒತ್ತಿ ಆಕಾರಕ್ಕೆ ತರುತ್ತದೆ ಎಂದುಕೊಂಡವರೇ ಹೆಚ್ಚು. ಆದರೆ ಸರಿಯಾಗಿ ಮಾಡಿದ ಹೆಲ್ಮೆಟ್ ಉಬ್ಬಿದ ಕಡೆ ತಾಗಿಕೊಂಡು ಸುಮ್ಮನಿರುತ್ತದೆ, ಚಪ್ಪಟೆಯಾದ ಕಡೆ ಖಾಲಿ ಜಾಗ ಬಿಟ್ಟಿರುತ್ತದೆ. ತಲೆ ಬೆಳೆಯುತ್ತಾ ಆ ಜಾಗವನ್ನು ತುಂಬಿಕೊಳ್ಳುತ್ತದೆ. ಬೆಳೆಯುವುದು ಉಳಿದಿಲ್ಲದ ತಲೆಗೆ ಹೆಲ್ಮೆಟ್ ಹಾಕಿದರೆ ಟೋಪಿ ಬೀಳುವುದು ಅಪ್ಪ ಅಮ್ಮನಿಗೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಅಲ್ಪಸ್ವಲ್ಪ ಚಪ್ಪಟೆಗೆ ಹೆಲ್ಮೆಟ್ ಬೇಡ. ಓರೆ (ತಲೆಯ ಎರಡು ಪಕ್ಕಗಳು ಸಮವಿಲ್ಲದಿರುವುದು) ತೀವ್ರವಾಗಿದ್ದು, ಮಲಗಿಸುವ ಭಂಗಿ ಬದಲಿಸಿ, ಕತ್ತಿನ ವ್ಯಾಯಾಮ ಮಾಡಿಸಿಯೂ ಐದಾರು ತಿಂಗಳ ಹೊತ್ತಿಗೆ ಇಳಿಯದಿದ್ದರೆ ಹಾಕಿಸುವುದರಲ್ಲಿ ಅರ್ಥವಿದೆ. ಇವೆರಡರ ನಡುವೆ ಇರುವ ಮಕ್ಕಳೂ ಇದ್ದಾರೆ. ಅವರ ವಿಷಯದಲ್ಲಿ ಒಂದೇ ಅಳತೆ ನೋಡಿ ತೀರ್ಮಾನಿಸಬಾರದು. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಸಲ ಅಳೆದು, ಓರೆ ಯಾವ ದಿಕ್ಕಿಗೆ ಸಾಗಿದೆ ಎಂದು ನೋಡಬೇಕು.

ವಯಸ್ಸಿಗೆ ಇಷ್ಟು ಮಹತ್ವ ಯಾಕೆ? ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ಸುಮಾರು 1 ಸೆಂ.ಮೀ., ಅಲ್ಲಿಂದ ವರ್ಷ ತುಂಬುವವರೆಗೆ ಅರ್ಧ ಸೆಂ.ಮೀ.ನಂತೆ ಬೆಳೆಯುತ್ತದೆ. ಐದನೇ ತಿಂಗಳಲ್ಲಿ ಶುರುಮಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಮುಗಿಯಬಹುದಾದ ಕೆಲಸ ಒಂಬತ್ತರಲ್ಲಿ ಶುರುವಾದರೆ ಎಳೆದಾಡುತ್ತದೆ, ಫಲವೂ ಕಡಿಮೆ. ಮೂರು ತಿಂಗಳ ಕೂಸಿಗೇ ಹಾಕಿಸಿ ಎನ್ನುವವರಿಗೆ ಅವಸರ ಜಾಸ್ತಿ. ಕತ್ತು ನಿಲ್ಲದ ಮಗು ತಾನಾಗಿಯೇ ಸುಧಾರಿಸುವ ಸಾಧ್ಯತೆ ಇನ್ನೂ ದೊಡ್ಡದಾಗಿಯೇ ಇರುತ್ತದೆ. ನ್ಯೂಜಿಲೆಂಡಿನಲ್ಲಿ 200 ಮಕ್ಕಳನ್ನು ಎರಡು ವರ್ಷದವರೆಗೆ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ತಿಂಗಳಲ್ಲಿ ಶೇ. 19.7 ಮಕ್ಕಳ ತಲೆ ಚಪ್ಪಟೆಯಾಗಿತ್ತು, ಎರಡು ವರ್ಷದ ಹೊತ್ತಿಗೆ ಅದು ಶೇ. 3.3ಕ್ಕೆ ಇಳಿದಿತ್ತು. ಹೆಲ್ಮೆಟ್ ಕೇಂದ್ರಗಳು ತೋರಿಸುವ ಮೊದಲು–ನಂತರದ ಚಿತ್ರಗಳಲ್ಲಿ ಈ ತಾನಾಗಿ ಆದ ಸುಧಾರಣೆಯೂ ಸೇರಿರುತ್ತದೆ. ಅದನ್ನು ಬೇರ್ಪಡಿಸಿ ತೋರಿಸಿದ ಕೇಂದ್ರ ಅಪರೂಪ.

ಹೆಲ್ಮೆಟ್ ಮಾತಿಗೆ ಮೊದಲು ವೈದ್ಯರು ಪರೀಕ್ಷಿಸಲೇಬೇಕಾದದ್ದು ಎರಡು. ಒಂದು, ಬುರುಡೆಯ ಮೂಳೆಗಳ ಕೂಡುಗೆರೆ ಅವಧಿಗೆ ಮುಂಚೆಯೇ ಬೆಸೆದುಕೊಂಡಿದೆಯೇ ಎಂಬುದು. ನೆತ್ತಿಯ ಮೇಲಿನಿಂದ ನೋಡಿದಾಗ ಮಲಗಿ ಮಲಗಿ ಚಪ್ಪಟೆಯಾದ ತಲೆ ಸಮಾನಾಂತರ ಚತುರ್ಭುಜದಂತೆ ಕಾಣುತ್ತದೆ: ಚಪ್ಪಟೆ ಕಡೆಯ ಕಿವಿ ಮುಂದಕ್ಕೆ ಸರಿದಿರುತ್ತದೆ, ಅದೇ ಕಡೆಯ ಹಣೆ ಸ್ವಲ್ಪ ಉಬ್ಬಿರುತ್ತದೆ. ಹಿಂದಲೆಯ ಕೂಡುಗೆರೆ ಬೆಸೆದಿದ್ದರೆ ಆಕಾರ ತ್ರಾಪಿಜ್ಯಕ್ಕೆ ಹತ್ತಿರ. ಆ ಕಡೆಯ ಕಿವಿ ಸಾಮಾನ್ಯವಾಗಿ ಹಿಂದಕ್ಕೆ, ಕೆಳಕ್ಕೆ ಜಗ್ಗಿರುತ್ತದೆ, ಕಿವಿಯ ಹಿಂದಿನ ಮೂಳೆ ಉಬ್ಬಿರುತ್ತದೆ, ಬೆರಳಾಡಿಸಿದರೆ ಗೆರೆಯುದ್ದಕ್ಕೂ ದಿಣ್ಣೆ ಸಿಗಬಹುದು. ಇದು ಅಪರೂಪ, ಆದರೆ ಇದಕ್ಕೆ ಹೆಲ್ಮೆಟ್ ಒಂದೇ ಮದ್ದಲ್ಲ, ಶಸ್ತ್ರಚಿಕಿತ್ಸಕರೇ ನೋಡಬೇಕು. ತಲೆಯಲ್ಲಿ ನೀರು ತುಂಬುವ ತೊಂದರೆಗೆ ಚಿಕಿತ್ಸೆಯಾಗದ ಮಗುವಿಗಂತೂ ಹೆಲ್ಮೆಟ್ ಹಾಕುವಂತಿಲ್ಲ. ಬರೀ ಸ್ಕ್ಯಾನ್ ಮಾಡಿ, ವೈದ್ಯರ ಚೀಟಿ ಕೇಳದೆ ಆರ್ಡರ್ ಬರೆದುಕೊಳ್ಳುವ ಕೇಂದ್ರವಾದರೆ ಅಲ್ಲಿಂದಲೇ ಎದ್ದು ಬರುವುದು ಒಳ್ಳೆಯದು.

ಎರಡನೆಯದು ಕತ್ತು. ಮಗು ಸದಾ ಒಂದೇ ಕಡೆಗೆ ಮುಖ ಮಾಡುತ್ತಿದ್ದರೆ ಕತ್ತಿನ ಪಕ್ಕದ ಸ್ನಾಯು ಬಿಗಿದಿರುವ ಸಂಭವ ಹೆಚ್ಚು. ಅದನ್ನು ಸಡಿಲಿಸದೆ ಹೆಲ್ಮೆಟ್ ಹಾಕಿದರೆ ಕಾರಣ ಹಾಗೆಯೇ ಉಳಿಯುತ್ತದೆ. ಫಿಸಿಯೋಥೆರಪಿಸ್ಟ್ ಕೈಹಿಡಿದು ಕಲಿಸಿದ ಕತ್ತಿನ ವ್ಯಾಯಾಮವನ್ನು ಪ್ರತಿ ಸಲ ಡೈಪರ್ ಬದಲಿಸುವಾಗ ಮಾಡಿಸುವ ರೂಢಿ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಇದರ ಜೊತೆಗೆ, ಎಚ್ಚರವಿದ್ದಾಗ ಕಣ್ಣೆದುರೇ ಬೋರಲು ಮಲಗಿಸುವುದು. ಮೊದಲ ವಾರಗಳಲ್ಲಿ ಒಂದೆರಡು ನಿಮಿಷಗಳಿಂದ ಶುರುಮಾಡಿ, ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷಕ್ಕೆ ಮುಟ್ಟಿಸಬೇಕು, ಆಮೇಲೆ ಹೆಚ್ಚಿಸುತ್ತಾ ಹೋಗಬೇಕು. ತೊಟ್ಟಿಲಲ್ಲಿ ತಲೆ–ಕಾಲಿನ ದಿಕ್ಕು ಅದಲುಬದಲು ಮಾಡಿ, ಬೆಳಕು, ಸದ್ದು, ಮನೆಯವರ ಮುಖ ಎಲ್ಲವೂ ದುಂಡಗಿರುವ ಕಡೆಯಿಂದ ಸಿಗುವಂತೆ ನೋಡಿಕೊಂಡರೆ ಮಗು ತಾನಾಗಿಯೇ ಅತ್ತ ತಿರುಗುತ್ತದೆ. ಕಾರ್ ಸೀಟು, ಬೌನ್ಸರ್, ಉಯ್ಯಾಲೆ ಸೀಟುಗಳಲ್ಲಿ ಕೂರಿಸುವ ಹೊತ್ತು ಕಡಿಮೆಯಾಗಬೇಕು.

ನಿದ್ದೆಗೆ ಮಾತ್ರ ಅಂಗಾತವೇ. 1990ರ ದಶಕದಲ್ಲಿ ಹಲವು ದೇಶಗಳು ಅಂಗಾತ ಮಲಗಿಸಿ ಎಂದು ಸಾರಿದ ಮೇಲೆ ಚಪ್ಪಟೆ ತಲೆಗಳು ಹೆಚ್ಚಿದ್ದು ನಿಜ. ಆದರೆ ನಿದ್ದೆಯಲ್ಲಿ ಸಂಭವಿಸುವ ಹಠಾತ್ ಶಿಶುಮರಣ ಗಣನೀಯವಾಗಿ ಇಳಿದದ್ದೂ ಅದರಿಂದಲೇ. ತಲೆ ದುಂಡಗಾಗಲಿ ಎಂದು ಬೋರಲು ಅಥವಾ ಮಗ್ಗುಲು ಮಲಗಿಸುವುದು ಕೆಟ್ಟ ವ್ಯಾಪಾರ. ನಡುವೆ ಗುಳಿಯಿರುವ ತಲೆದಿಂಬುಗಳಿಗೂ ಇದೇ ಮಾತು. ಉಸಿರುಗಟ್ಟುವ ಅಪಾಯವಿದೆ, ಬಳಸಬೇಡಿ ಎಂದು ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ.

ಇನ್ನು ಅಳತೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲೇ. ತಲೆಯ ನಡುಗೆರೆಯಿಂದ 30 ಡಿಗ್ರಿ ಓರೆಯಲ್ಲಿ ಎರಡು ಕರ್ಣಗಳನ್ನು, ಅಂದರೆ ಹಣೆಯ ಒಂದು ಪಕ್ಕದಿಂದ ಹಿಂದಲೆಯ ಎದುರು ಪಕ್ಕದವರೆಗಿನ ಉದ್ದಗಳನ್ನು, ಅಳೆಯುತ್ತಾರೆ. ಅವುಗಳ ವ್ಯತ್ಯಾಸವನ್ನು ಒಂದು ಕರ್ಣದಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿವಿಎಐ ಎಂಬ ಸೂಚ್ಯಂಕ. ವ್ಯಾಪಕವಾಗಿ ಬಳಕೆಯಲ್ಲಿರುವ ಅಟ್ಲಾಂಟಾ ಮಾಪಕದಲ್ಲಿ 3.5ಕ್ಕಿಂತ ಕಡಿಮೆ ಇದ್ದರೆ ಒಂದನೇ ಹಂತ, 6.25ರವರೆಗೆ ಎರಡು, 8.75ರವರೆಗೆ ಮೂರು, 11ರವರೆಗೆ ನಾಲ್ಕು, ಅದರ ಮೇಲೆ ಐದು. ಮೊದಲೆರಡು ಹಂತಕ್ಕೆ ಹೆಲ್ಮೆಟ್ ಮಾರಲು ಬಂದರೆ ಬೇಡವೆನ್ನಿ. ಪೇಚಿರುವುದು ಭಾಜಕದಲ್ಲಿ: ಕೆಲವರು ದೊಡ್ಡ ಕರ್ಣದಿಂದ ಭಾಗಿಸುತ್ತಾರೆ, ಕೆಲವರು ಚಿಕ್ಕದರಿಂದ. ಕರ್ಣಗಳು 142 ಮತ್ತು 130 ಮಿ.ಮೀ. ಎನ್ನಿ. ವ್ಯತ್ಯಾಸ 12. ದೊಡ್ಡದರಿಂದ ಭಾಗಿಸಿದರೆ 8.45, ಮೂರನೇ ಹಂತ. ಚಿಕ್ಕದರಿಂದ ಭಾಗಿಸಿದರೆ 9.23, ನಾಲ್ಕನೇ ಹಂತ. ಅದೇ ತಲೆ! ಬೇರೆ ಬೇರೆ ಕೇಂದ್ರಗಳ ವರದಿ ಹೋಲಿಸುವಾಗ ಸೂಚ್ಯಂಕ ಬಿಟ್ಟು ಮಿಲಿಮೀಟರು ಕೇಳಬೇಕು. ಇನ್ನೊಂದು ಮಾತು: ವ್ಯತ್ಯಾಸ 12 ಮಿ.ಮೀ.ಯಲ್ಲೇ ನಿಂತು ದೊಡ್ಡ ಕರ್ಣ 150ಕ್ಕೆ ಬೆಳೆದರೆ ಸೂಚ್ಯಂಕ 8ಕ್ಕೆ ಇಳಿಯುತ್ತದೆ. ವರದಿಯಲ್ಲಿ ಅದು ಸುಧಾರಣೆ ಎಂದೇ ಕಾಣುತ್ತದೆ. ಓರೆ ಒಂದು ಮಿಲಿಮೀಟರೂ ಕರಗಿರುವುದಿಲ್ಲ.

ಹಿಂದಲೆ ಇಡಿಯಾಗಿ ಚಪ್ಪಟೆಯಾಗಿದ್ದರೆ ಕರ್ಣಗಳು ಸಮವೇ ಇರುತ್ತವೆ, ಅಲ್ಲಿ ನೋಡಬೇಕಾದದ್ದು ಅಗಲವನ್ನು ಉದ್ದದಿಂದ ಭಾಗಿಸಿದ ಅನುಪಾತ. ಅಲ್ಲಿ ತಲೆ ಉದ್ದಕ್ಕೆ ಬೆಳೆಯಬೇಕು, ಅಗಲಕ್ಕೆ ತಡೆ ಬೇಕು. ಹೀಗಾಗಿ ಫಲಿತಾಂಶ ನಿಧಾನ, ಪೂರ್ತಿ ಸರಿಹೋಗುತ್ತದೆ ಎಂಬ ಭರವಸೆಯನ್ನು ಅಷ್ಟಾಗಿ ನಂಬಬಾರದು.

ಪುರಾವೆ ಏನು ಹೇಳುತ್ತದೆ? ನೆದರ್ಲೆಂಡ್ಸಿನಲ್ಲಿ 84 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ತಲೆ ಪೂರ್ತಿ ಸರಿಹೋದದ್ದು ಹೆಲ್ಮೆಟ್ ಹಾಕಿದವರಲ್ಲಿ ಶೇ. 26, ಹಾಕದವರಲ್ಲಿ ಶೇ. 23. ಹೆಲ್ಮೆಟ್ ದಂಡ ಎನ್ನುವವರು ಇದನ್ನೇ ಮುಂದಿಡುತ್ತಾರೆ. ಆದರೆ ಅತಿ ತೀವ್ರ ಓರೆಯ ಮಕ್ಕಳನ್ನೂ ಕತ್ತು ಬಿಗಿದ ಮಕ್ಕಳನ್ನೂ ಅದರಲ್ಲಿ ಸೇರಿಸಿರಲಿಲ್ಲ, ಹೆಲ್ಮೆಟ್ ಸರಿಯಾಗಿ ಕೂರುತ್ತಿಲ್ಲ ಎಂದ ಹೆತ್ತವರೂ ಅನೇಕರಿದ್ದರು. 2015ರಲ್ಲಿ ಬಂದ ಅಮೆರಿಕದ ಅಧ್ಯಯನ 4,378 ಮಕ್ಕಳದು: ಭಂಗಿ ಮತ್ತು ವ್ಯಾಯಾಮದಿಂದಲೇ ಶೇ. 77 ಮಕ್ಕಳು ಸರಿಹೋದರು, ಹೆಲ್ಮೆಟ್ ಹಾಕಿದವರಲ್ಲಿ ಸುಮಾರು ಶೇ. 95. ಇಲ್ಲಿ ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ. ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ಎರಡರ ನಡುವೆ ನಿಲ್ಲುತ್ತದೆ: ಮೊದಲು ಭಂಗಿ ಬದಲಾವಣೆ ಮತ್ತು ಫಿಸಿಯೋಥೆರಪಿ, ಆಮೇಲೂ ಮಧ್ಯಮದಿಂದ ತೀವ್ರ ಓರೆ ಉಳಿದರೆ ಹೆಲ್ಮೆಟ್. ನಮಗೆ ಒಪ್ಪಿಗೆಯಾಗುವ ದಾರಿಯೂ ಇದೇ. ಹೆಲ್ಮೆಟ್ ಹಾಕದಿದ್ದರೆ ಮಗುವಿನ ಬುದ್ಧಿ ಕುಂಠಿತವಾದೀತು ಎಂದು ಹೆದರಿಸುವವರ ಮಾತಿಗೆ ಆಧಾರವಿಲ್ಲ. ನಂಟು ಕೆಲವೊಮ್ಮೆ ತಿರುಗುಮುರುಗು: ಮೈಕೈ ಆಡಿಸುವುದು ನಿಧಾನವಾದ ಮಗು ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಮಲಗುತ್ತದೆ, ಅದರಿಂದಲೂ ತಲೆ ಚಪ್ಪಟೆಯಾಗುತ್ತದೆ.

ಹಾಕಿಸುವುದೆಂದು ನಿರ್ಧಾರವಾದರೆ ಚಿಪ್ಪಿಗಿಂತ ಅದನ್ನು ತಿದ್ದುವ ತಜ್ಞರು, ಅಂದರೆ ಆರ್ಥೋಟಿಸ್ಟ್, ಮುಖ್ಯ. ಈಗ ಪ್ಲಾಸ್ಟರ್ ಅಚ್ಚಿನ ಬದಲು ಹೆಚ್ಚಾಗಿ ಕೆಲವೇ ಕ್ಷಣಗಳ ಮೂರು ಆಯಾಮದ ಸ್ಕ್ಯಾನ್ ಸಾಕು. ಸ್ಕ್ಯಾನಿನಿಂದ ಹೆಲ್ಮೆಟ್ ಕೈಸೇರುವವರೆಗೆ ಎರಡು ವಾರ ದಾಟಿದರೆ ಅಷ್ಟರಲ್ಲಿ ತಲೆ ಬೆಳೆದು ಮೊದಲ ದಿನವೇ ಬಿಗಿಯಾಗಬಹುದು. ಹೆಲ್ಮೆಟ್ ಬ್ರ್ಯಾಂಡುಗಳಲ್ಲಿ ಡಾಕ್ ಬ್ಯಾಂಡ್ ಅದರ ಕಂಪನಿಯದೇ ಕ್ಲಿನಿಕ್ಕುಗಳಲ್ಲಿ ಸಿಗುತ್ತದೆ, ಸ್ಟಾರ್‌ಬ್ಯಾಂಡ್ ಬೇರೆ ಬೇರೆ ಆರ್ಥೋಟಿಸ್ಟರ ಬಳಿ. ಯಾವುದಾದರೂ ಒಂದರಿಂದ ಮೂರು ವಾರಕ್ಕೊಮ್ಮೆ ಫೋಮ್ ಕೆತ್ತಿ ಜಾಗ ಮಾಡಲೇಬೇಕು. ಆ ಭೇಟಿಗಳು ಒಟ್ಟು ಬೆಲೆಯಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ.

ಗುರಿ ದಿನಕ್ಕೆ 23 ಗಂಟೆ. ಮೊದಲ ದಿನ ಒಂದು ಗಂಟೆ ಹಾಕಿ ಒಂದು ಗಂಟೆ ತೆಗೆಯುವುದರಿಂದ ಶುರುವಾಗಿ, ಸುಮಾರು ಐದು ದಿನಕ್ಕೆ ರಾತ್ರಿಯನ್ನೂ ಸೇರಿಸಿಕೊಳ್ಳುತ್ತಾರೆ. ತೆಗೆದಾಗ ಕಾಣುವ ಕೆಂಪು ಗುರುತು ಒಂದು ಗಂಟೆಯೊಳಗೆ ಮಾಯವಾಗಬೇಕು. ಆಗದಿದ್ದರೆ, ಚರ್ಮ ಸುಲಿದಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಹೆಲ್ಮೆಟ್ ಪಕ್ಕಕ್ಕಿಟ್ಟು ಆರ್ಥೋಟಿಸ್ಟರಿಗೆ ಫೋನ್ ಮಾಡಿ. ಹೆಲ್ಮೆಟ್ ತಿರುಗುತ್ತಿದ್ದರೆ ಅಥವಾ ಹುಬ್ಬಿನ ಮೇಲೆ ಇಳಿದರೆ ಅದು ಸಡಿಲ. ಪಟ್ಟಿ ಎಳೆದು ಬಿಗಿಮಾಡಿದರೆ ಸರಿಹೋಗದು, ಖಾಲಿ ಜಾಗ ತಪ್ಪು ಕಡೆಗೆ ಸರಿದು ತಪ್ಪು ಕಡೆಯೇ ಬೆಳೆಯಲು ಎಡೆಯಾಗುತ್ತದೆ. ಮೊದಲ ವಾರ ಬೆವರು ಹೆಚ್ಚು, ಆಮೇಲೆ ಇಳಿಯುತ್ತದೆ. ಬಟ್ಟೆ ಒಂದು ಪದರ ಕಡಿಮೆ ಮಾಡಿ. ಜ್ವರ ಬಂದರೆ ಇಳಿಯುವವರೆಗೆ ತೆಗೆದಿಡಿ.

ವಾಸನೆಯೇ ದೊಡ್ಡ ದೂರು, ಅದಕ್ಕೆ ಕಾರಣ ಫೋಮಿನೊಳಗೆ ಒಣಗದ ಬೆವರು. ಸ್ನಾನದ ಆ ಒಂದು ಗಂಟೆಯಲ್ಲಿ ತಲೆ ತೊಳೆದು ಪೂರ್ತಿ ಒಣಗಿಸಬೇಕು, ಹೆಲ್ಮೆಟ್ಟಿನ ಒಳಭಾಗವನ್ನು ಕೇಂದ್ರದವರು ಹೇಳಿದ ದ್ರಾವಣದಿಂದ, ಹೆಚ್ಚಾಗಿ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ, ಒರೆಸಿ ಗಾಳಿಗಿಡಬೇಕು. ವಾಸನೆ ಪೂರ್ತಿ ಆರಿದ ಮೇಲೆಯೇ ಹಾಕಬೇಕು. ಬಿಸಿಲಿಗೆ, ಹೀಟರ್ ಬಳಿ, ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ಚಿಪ್ಪು ಸೊಟ್ಟಗಾಗುತ್ತದೆ. ಎಣ್ಣೆ, ಪೌಡರ್, ಲೋಷನ್ ಹೆಲ್ಮೆಟ್ಟಿನ ಅಡಿಯಲ್ಲಿ ಬೇಡ.

ನಿಲ್ಲಿಸುವ ಹೊತ್ತು ಗೊತ್ತಾಗುವುದೂ ಮಿಲಿಮೀಟರಿನಿಂದಲೇ. ಸತತ ಎರಡು ಸ್ಕ್ಯಾನಿನಲ್ಲಿ ವ್ಯತ್ಯಾಸ ಕದಲದಿದ್ದರೆ, ಹಾಕಿದ ಗಂಟೆಗಳು ಸರಿಯಿದ್ದು ಒಳಗೆ ಜಾಗವೂ ಇದ್ದರೆ, ಆ ಹೆಲ್ಮೆಟ್ಟಿನ ಕೆಲಸ ಮುಗಿದಿದೆ. ಎರಡನೇ ಹೆಲ್ಮೆಟ್ ಎಂಬ ಸಲಹೆ ಬರುವುದು ಸಾಮಾನ್ಯವಾಗಿ ಈಗಲೇ. ಮಗು ಎಂಟೊಂಬತ್ತು ತಿಂಗಳಿನೊಳಗಿದ್ದು, ಮೊದಲನೆಯದರಲ್ಲಿ ಜಾಗ ಮುಗಿದಿದ್ದು, ಓರೆ ಇನ್ನೂ ಮೂರನೇ ಹಂತ ದಾಟಿದ್ದರೆ ಯೋಚಿಸಬಹುದು. ವರ್ಷ ತುಂಬುತ್ತಿರುವ ಮಗುವಿಗಾದರೆ ಒಪ್ಪಬೇಡಿ.