ಉಡುಪಿಯಿಂದ ಅರಿಝೋನಾಕ್ಕೆ ಇನ್ಸುಲಿನ್: ಫ್ರಿಯೋ ಪೌಚ್ ಬಳಸಿ ನೋಡಿದ ಮೇಲೆ

ವಿದೇಶಕ್ಕೆ ಹೊರಟವರಲ್ಲಿ ಇನ್ಸುಲಿನ್ ತಗೊಳ್ಳುವವರಿದ್ದರೆ, ಅದನ್ನು ದಾರಿಯಲ್ಲಿ ತಂಪಾಗಿಡುವ ಫ್ರಿಯೋ ಪೌಚ್ ಎಂಬ ಚೀಲ ಕೊಂಡುಕೊಳ್ಳಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಟ್ಟೆ. ಆದರೆ ನಮ್ಮಂಥ ಕರಾವಳಿಯವರು ಇದರ ಬಗ್ಗೆ ತಿಳಿದಿರಲೇಬೇಕಾದ ಒಂದು ವಿಷಯ ಇದೆ. ಅದನ್ನು ಯಾರೂ ನಮಗೆ ಹೇಳಿರಲಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ. ಮಗಳು ಇರುವುದು ಅರಿಝೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕದ ಊರು. ಅವಳ ಬಾಣಂತನಕ್ಕೆ ನಾನೂ ಯಜಮಾನರೂ ಮೇ ತಿಂಗಳಲ್ಲಿ ಹೊರಟೆವು. ಯಜಮಾನರಿಗೆ ಸಕ್ಕರೆ ಕಾಯಿಲೆ ಹಳೆಯದು. ರಾತ್ರಿ ಗ್ಲಾರ್ಜಿನ್ ಇನ್ಸುಲಿನ್, ಊಟದ ಜೊತೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟಾನ್, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್. ಮಾತ್ರೆಗಳದ್ದು ದೊಡ್ಡ ಚಿಂತೆಯಲ್ಲ. ಚಿಂತೆ ಇದ್ದದ್ದೆಲ್ಲ ಇನ್ಸುಲಿನ್‌ದೇ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಕಾರಿನಲ್ಲಿ ಒಂದು ಹಗಲು, ಏರ್‌ಪೋರ್ಟಿನಲ್ಲಿ ಕಾಯುವುದು, ಲಂಡನ್‌ವರೆಗೆ ಒಂದು ವಿಮಾನ, ಅಲ್ಲಿಂದ ಫೀನಿಕ್ಸ್‌ಗೆ ಇನ್ನೊಂದು. ನಮ್ಮ ಮನೆ ಫ್ರಿಜ್‌ನಿಂದ ತೆಗೆದ ಇನ್ಸುಲಿನ್ ಪೆನ್ನು (ಪೆನ್ನಿನ ಆಕಾರದ, ಇನ್ಸುಲಿನ್ ತುಂಬಿದ ಇಂಜೆಕ್ಷನ್) ಮಗಳ ಮನೆ ಫ್ರಿಜ್ ಸೇರುವಷ್ಟರಲ್ಲಿ ಒಂದೂವರೆ ದಿನ ದಾಟುತ್ತದೆ.

ಸಾಮಾನ್ಯವಾಗಿ ನಮ್ಮಲ್ಲಿ ಏನು ಮಾಡುತ್ತಾರೆ? ಮೆಡಿಕಲ್‌ನವರು ಕೊಡುವ ಥರ್ಮಾಕೋಲ್ ಡಬ್ಬಿ, ಅದರೊಳಗೆ ಒಂದು ಐಸ್ ಪ್ಯಾಕ್. ಮಣಿಪಾಲದಿಂದ ಮನೆಗೆ ತರಲು ಇದು ಸಾಕು. ದೂರದ ಪ್ರಯಾಣಕ್ಕೆ ಸಾಲದು. ಐಸ್ ಕೆಲವು ಗಂಟೆಯಲ್ಲಿ ಕರಗುತ್ತದೆ. ಆಮೇಲೆ ಅದೇ ಡಬ್ಬಿ ಸುಮ್ನೆ ಜಾಗ ತಿನ್ನುವ ಡಬ್ಬಿ. ಅದಕ್ಕಿಂತ ದೊಡ್ಡ ಅಪಾಯ, ಪೆನ್ನು ನೇರವಾಗಿ ಐಸ್‌ಗೆ ತಾಗಿಕೊಂಡಿದ್ದರೆ ಒಳಗಿನ ಇನ್ಸುಲಿನ್ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಕಾಣಬಹುದು, ಆದರೂ ಅದನ್ನು ಬಳಸಬಾರದು, ಎಸೆಯಬೇಕು. ಬಿಸಿಗೆ ಹೆದರುವ ನಾವು ಚಳಿಗೆ ಹೆದರುವುದನ್ನು ಮರೆಯುತ್ತೇವೆ. ಚೆಕ್-ಇನ್ ಲಗೇಜಿನಲ್ಲಿ ಇನ್ಸುಲಿನ್ ಹಾಕಬೇಡಿ ಅನ್ನುವುದಕ್ಕೂ ಇದೊಂದು ಕಾರಣ. ಬ್ಯಾಗ್ ಬೇರೆ ಊರಿಗೆ ಹೋಗಿಬಿಟ್ಟರೆ ಅನ್ನುವುದು ಇನ್ನೊಂದು.

ಫ್ರಿಯೋ ಪೌಚಿಗೆ ಐಸೂ ಬೇಡ, ಫ್ರಿಜ್ಜೂ ಬೇಡ, ಕರೆಂಟೂ ಬೇಡ. ನೀರು ಸಾಕು. ಎರಡು ಚೀಲ ಇರುತ್ತವೆ, ಒಂದರೊಳಗೆ ಒಂದು. ಒಳಚೀಲದ ಬಟ್ಟೆಯನ್ನು ಉದ್ದುದ್ದ ಪಟ್ಟಿಗಳಾಗಿ ಹೊಲಿದು, ಒಳಗೆ ಹರಳು ತುಂಬಿಸಿರುತ್ತಾರೆ. ಒಣಗಿದ್ದಾಗ ಮುಟ್ಟಿದರೆ ದಪ್ಪ ಸಕ್ಕರೆ ಕೈಗೆ ಸಿಕ್ಕಂತೆ ಇರುತ್ತದೆ. ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿಟ್ಟರೆ ಹರಳು ನೀರು ಕುಡಿದು ಉಬ್ಬಿ ಲೋಳೆಯಾಗುತ್ತದೆ. ಸೈಜ್ ನೋಡಿಕೊಂಡು ಐದರಿಂದ ಹದಿನೈದು ನಿಮಿಷ ಸಾಕು. ಪಟ್ಟಿಗಳು ಒಂದೊಂದಾಗಿ ದಪ್ಪ ಆಗುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ತೆಗೆದು ಹತ್ತಿ ಟವೆಲ್ಲಿನಲ್ಲಿ ಒತ್ತಿ ಒರೆಸಿ, ಪೆನ್ನು ಹಾಕಿ, ಹೊರಚೀಲದೊಳಗೆ ಸೇರಿಸಿದರೆ ಮುಗಿಯಿತು. ಇನ್ನೂ ಉಬ್ಬಲಿ ಅಂತ ನೀರಿನಲ್ಲೇ ಬಿಡಬೇಡಿ. ಜಾಸ್ತಿ ಉಬ್ಬಿದರೆ ಪೆನ್ನು ಒಳಗೆ ಹೋಗುವುದೇ ಇಲ್ಲ.

ಹೊರಗೆ 37.8 ಡಿಗ್ರಿ ಸೆಲ್ಸಿಯಸ್ ಇದ್ದರೂ 45 ಗಂಟೆ ಕಾಲ ಒಳಗಿನ ಶಾಖ 26 ಡಿಗ್ರಿ ದಾಟುವುದಿಲ್ಲ ಅಂತ ತಯಾರಕರು ಹೇಳುತ್ತಾರೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಇದು ಫ್ರಿಜ್ ಅಲ್ಲ. ಫ್ರಿಜ್‌ನ 2ರಿಂದ 8 ಡಿಗ್ರಿ ಇದರೊಳಗೆ ಯಾವತ್ತೂ ಬರುವುದಿಲ್ಲ. ಮುಟ್ಟಿದರೆ ಹಿತವಾಗಿ ತಂಪಿರುತ್ತದೆ, ಅಷ್ಟೇ. ಇನ್ಸುಲಿನ್‌ಗೆ ಪ್ರಯಾಣದಲ್ಲಿ ಅಷ್ಟೇ ಬೇಕಾಗಿರುವುದು. ಗ್ಲಾರ್ಜಿನ್ ಪೆನ್ನು 30 ಡಿಗ್ರಿಯೊಳಗಿನ ಜಾಗದಲ್ಲಿ 28 ದಿನ ಇರಬಹುದು ಅಂತ ಅದರ ಜೊತೆಗಿನ ಕಾಗದದಲ್ಲೇ ಇದೆ. ನಿಮ್ಮದು ಬೇರೆ ಇನ್ಸುಲಿನ್ ಆದರೆ ಆ ಕಾಗದ ಓದಿ, ಡಾಕ್ಟರನ್ನೂ ಕೇಳಿ. ಪೂರ್ತಿ ಫ್ರಿಜ್‌ನಲ್ಲೇ ಇರಬೇಕಾದ ಬೇರೆ ಯಾವುದೇ ಇಂಜೆಕ್ಷನ್ನಿಗೆ ಈ ಪೌಚ್ ನಂಬಬೇಡಿ.

ಇನ್ನು ಕರಾವಳಿಯ ವಿಷಯ. ಹೊರಡುವ ಮೊದಲೇ ಪರೀಕ್ಷೆ ಮಾಡಿ ನೋಡಬೇಕು ಅನ್ನಿಸಿತು. ಒಳಗೆ ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಇಟ್ಟು ನಮ್ಮ ಜಗಲಿಯಲ್ಲೇ ಇಟ್ಟೆ. ಹೊರಗೆ 33 ಡಿಗ್ರಿ, ಮಳೆಗಾಲದ ಮುಂಚಿನ ಆ ಸೆಖೆ ಗೊತ್ತಲ್ಲ, ಮೈಯೆಲ್ಲ ಅಂಟಂಟು. ಪೌಚಿನೊಳಗೆ 30ರ ಆಸುಪಾಸು. ಎಷ್ಟು ಹೊತ್ತು ಕಾದರೂ ಅದಕ್ಕಿಂತ ಇಳಿಯಲಿಲ್ಲ. ಇಷ್ಟೆಲ್ಲ ಹೊಗಳಿದ ಸಾಮಾನು ಇಷ್ಟೇನಾ ಅಂತ ಯಜಮಾನರು ಮುಖ ಸಪ್ಪೆ ಮಾಡಿಕೊಂಡರು. ಅದೇ ಥರ್ಮಾಮೀಟರ್, ಅದೇ ಪೌಚ್, ಚಾಂಡ್ಲರ್‌ನಲ್ಲಿ ಮಗಳ ಮನೆಯ ಹಿತ್ತಿಲಲ್ಲಿ ನೆರಳಿಗೆ ಇಟ್ಟಾಗ ಹೊರಗೆ 40 ದಾಟಿತ್ತು, ಒಳಗೆ 24.

ಕಾರಣ ಸರಳ. ಮಣ್ಣಿನ ಹೂಜಿ ಕೆಲಸ ಮಾಡುವ ಹಾಗೆಯೇ ಇದರ ಕೆಲಸ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಬಳ್ಳಾರಿ, ರಾಯಚೂರು ಕಡೆ ಒಣ ಗಾಳಿ, ಹೂಜಿ ನೀರು ಗಂಟಲು ಕೊರೆಯುವಷ್ಟು ತಂಪು. ನಮ್ಮ ಉಡುಪಿ, ಮಂಗಳೂರಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಇನ್ನೆಲ್ಲಿಂದ ಆವಿಯಾಗಬೇಕು? ಅರಿಝೋನಾ ಮರುಭೂಮಿ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಅಂಥ ಊರಿನಲ್ಲಿ ಈ ಪೌಚ್ ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ವಿಮಾನದ ಒಳಗಿನ ಗಾಳಿಯೂ ತುಂಬ ಒಣ, ಅಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ನೀವು ಹೋಗುತ್ತಿರುವುದು ಸಿಂಗಾಪುರಕ್ಕೋ, ಬೇಸಿಗೆಯಲ್ಲಿ ಕಡಲ ಪಕ್ಕದ ದುಬೈಗೋ ಆದರೆ ಅರಿಝೋನಾದಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅಂಥ ಕಡೆ ಎಸಿ ಕಾರು, ಎಸಿ ರೂಮು, ಜೊತೆಗೆ ಪೌಚ್. ನಾವೂ ಉಡುಪಿಯಿಂದ ಬೆಂಗಳೂರಿನವರೆಗೆ ಹಾಗೇ ಮಾಡಿದ್ದು. ಸಕಲೇಶಪುರದಲ್ಲಿ ಊಟಕ್ಕೆ ಇಳಿದಾಗ ಪೌಚ್ ಕೈಯಲ್ಲೇ ಹಿಡಿದು ಇಳಿದೆವು. ನಿಂತ ಕಾರಿನಲ್ಲಿ ಯಾವ ಪೌಚಿನ ಭರವಸೆಯ ಮೇಲೂ ಇನ್ಸುಲಿನ್ ಬಿಡಬಾರದು.

ಆವಿಯಾಗುವ ವಿದ್ಯೆ ಅಂದಮೇಲೆ ಇನ್ನೊಂದು ವಿಷಯವೂ ಅದರ ಜೊತೆಗೇ ಬರುತ್ತದೆ. ಪೌಚನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬಾರದು, ಬಟ್ಟೆಗಳ ನಡುವೆ ತುರುಕಬಾರದು. ಗಾಳಿ ಆಡಬೇಕು. ಆದರೆ ಅದು ಸದಾ ಸ್ವಲ್ಪ ತೇವ ಇರುತ್ತದೆ. ಪಕ್ಕದಲ್ಲಿ ಮಾತ್ರೆಯ ಪೆಟ್ಟಿಗೆಯೋ ಪಾಸ್‌ಪೋರ್ಟೋ ಇದ್ದರೆ ತೇವ ಹಿಡಿಯುತ್ತದೆ. ನಾನು ಹ್ಯಾಂಡ್ ಬ್ಯಾಗಿನ ಹೊರಗಿನ ಜಾಲರಿ ಜೇಬನ್ನು ಪೌಚಿಗೇ ಬಿಟ್ಟುಕೊಟ್ಟೆ. ಕಾಗದಪತ್ರ, ಮಾತ್ರೆ ಎಲ್ಲ ಒಳಗೆ ಝಿಪ್ ಕವರಿನಲ್ಲಿ. ಈ ವ್ಯವಸ್ಥೆ ಕೊನೆಯವರೆಗೂ ಚೆನ್ನಾಗಿ ನಡೆಯಿತು.

ಪೌಚಿನ ಸೈಜ್ ಬಗ್ಗೆ ನನ್ನದೊಂದು ದೂರು. ಅಮೆರಿಕಕ್ಕೆ ಸ್ವಂತ ಬಳಕೆಯ ಔಷಧಿ ಸಾಮಾನ್ಯವಾಗಿ 90 ದಿನಕ್ಕೆ ಆಗುವಷ್ಟು ತರಬಹುದು. ಯಜಮಾನರಿಗೆ ಅದು ಆರೇಳು ಪೆನ್ನು. ನಾವು ತಗೊಂಡ ಪೌಚಿನಲ್ಲಿ ಹಿಡಿಯುವುದು ನಾಲ್ಕು. ಹಾಗಾಗಿ ಎರಡು ಬೇಕಾಯಿತು. ಬೆಲೆ ಥರ್ಮಾಕೋಲ್ ಡಬ್ಬಿಯಂತೆ ಪುಕ್ಕಟೆಯಲ್ಲ, ಎರಡಕ್ಕೆ ಕೊಡುವಾಗ ಕೈ ಹಿಂದೆಗೆಯುತ್ತದೆ. ಆದರೆ ಎರಡಾದದ್ದು ಒಳ್ಳೆಯದೇ ಆಯಿತು. ಒಂದು ಅವರ ಬ್ಯಾಗಿನಲ್ಲಿ, ಒಂದು ನನ್ನದರಲ್ಲಿ. ಒಂದು ಬ್ಯಾಗ್ ಎಲ್ಲಾದರೂ ಮರೆತರೂ ಪೂರ್ತಿ ಕೈ ಖಾಲಿ ಆಗುವುದಿಲ್ಲ.

ಪೆನ್ನಿನ ರಟ್ಟಿನ ಪೆಟ್ಟಿಗೆ ಪೌಚಿನೊಳಗೆ ಹೋಗುವುದಿಲ್ಲ. ಹಾಗಂತ ಎಸೆಯಬೇಡಿ. ಬಿಡಿಸಿ ಚಪ್ಪಟೆ ಮಾಡಿ ಡಾಕ್ಟರ್ ಚೀಟಿಯ ಜೊತೆ ಫೈಲಿನಲ್ಲಿ ಇಡಿ. ಔಷಧಿಯ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಅದರ ಮೇಲೆ ಇರುತ್ತದೆ. ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ ಒಯ್ಯಬೇಕು, ವಾರದ ಡಬ್ಬಿಗೆ ಸುರಿದುಕೊಂಡು ಅಲ್ಲ. ನಮ್ಮ ಮೆಡಿಕಲ್‌ಗಳಲ್ಲಿ ಕೇಳಿದಷ್ಟು ಕತ್ತರಿಸಿ ಕೊಡುವ ಅಭ್ಯಾಸ ಇದೆಯಲ್ವಾ, ಆಗ ಹೆಸರು ಒಂದು ತುಂಡಿಗೆ, ಎಕ್ಸ್‌ಪೈರಿ ಇನ್ನೊಂದು ತುಂಡಿಗೆ ಹೋಗುತ್ತದೆ. ಪ್ರಯಾಣಕ್ಕೆ ಇಡೀ ಸ್ಟ್ರಿಪ್ಪೇ ಕೊಡಿ ಅಂತ ಕೇಳಿ. ಬಿಲ್ಲಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಹಾಕಿಸಿ. ನಮ್ಮ ಮೆಡಿಕಲ್ ಹುಡುಗ ಅದನ್ನೆಲ್ಲ ತಾಳ್ಮೆಯಿಂದ ಮಾಡಿಕೊಟ್ಟ, ಅವನಿಗೆ ದೇವರು ಒಳ್ಳೆಯದು ಮಾಡಲಿ.

ಡಾಕ್ಟರ ಪತ್ರ ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ ಮೇಲೆ, ಬ್ರಾಂಡ್ ಹೆಸರಿನ ಜೊತೆ ಮೂಲ ಔಷಧಿಯ ಹೆಸರೂ ಇರಬೇಕು. ಪೆನ್ನಿನ ಸೂಜಿ ಒಯ್ಯುತ್ತಿದ್ದಾರೆ ಅಂತಲೂ ಬರೆಸಿ. ನಾವು ಡೋಲೋ ಅಂದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಪ್ಯಾರಾಸಿಟಮಾಲ್ ಅಂದರೂ ಕಷ್ಟವೇ, ಅಮೆರಿಕದಲ್ಲಿ ಅದಕ್ಕೆ ಅಸೆಟಾಮಿನೊಫೆನ್ ಅನ್ನುತ್ತಾರೆ. ಯಜಮಾನರ ಪೆನ್ನು ಬೆಂಗಳೂರಿನ ಬಯೋಕಾನ್‌ದು, ಬಸಲಾಗ್. ಅದೇ ಕಂಪನಿಯ ಗ್ಲಾರ್ಜಿನ್‌ಗೆ 2020ರಲ್ಲಿ ಅಮೆರಿಕದಲ್ಲಿ ಸೆಮ್‌ಗ್ಲೀ ಎಂಬ ಹೆಸರಿನಲ್ಲಿ ಮಾನ್ಯತೆ ಸಿಕ್ಕಿತು. ಪತ್ರದಲ್ಲಿ ಗ್ಲಾರ್ಜಿನ್ ಅಂತ ಇದ್ದರೆ ಅಲ್ಲಿನ ಡಾಕ್ಟರಿಗೂ ಫಾರ್ಮಸಿಯವರಿಗೂ ದಾರಿ ಸುಲಭ.

ಪೆನ್ನು ಬಿಟ್ಟು ಬಾಟಲಿ ಬಳಸುವವರು ಇದನ್ನು ದಯವಿಟ್ಟು ಗಮನಿಸಿ. ನಮ್ಮ ದೇಶದಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿ ಬಹಳ ಬಳಕೆಯಲ್ಲಿದೆ, ಅದರ ಸಿರಿಂಜ್‌ನ ಮುಚ್ಚಳ ಕೆಂಪು. ಅಮೆರಿಕದಲ್ಲಿ ಮನುಷ್ಯರಿಗೆ ಸಾಮಾನ್ಯವಾಗಿ ಸಿಗುವುದು 100 ಯೂನಿಟ್‌ನದ್ದು, ಅದರ ಸಿರಿಂಜ್‌ನ ಮುಚ್ಚಳ ಕಿತ್ತಳೆ. ಅಲ್ಲಿನ ಬಾಟಲಿಯಿಂದ ಇಲ್ಲಿನ ಕೆಂಪು ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಜೀವಕ್ಕೇ ಅಪಾಯ. ಬಾಟಲಿ ಇಲ್ಲಿಯದಾದರೆ ಸಿರಿಂಜೂ ಇಲ್ಲಿಂದಲೇ, ಬೇಕಾದಷ್ಟು ಒಯ್ಯಿರಿ.

ಬೆಂಗಳೂರಿನ ತಪಾಸಣೆಯಲ್ಲಿ ಪೌಚನ್ನು ಒತ್ತಿ ನೋಡಿದ ಹೆಣ್ಣುಮಗಳು ಏನಿದು ಅಂತ ಕೇಳಿದಳು. ಇನ್ಸುಲಿನ್ ಅಂದೆ, ಪತ್ರ ಚಾಚಿದೆ. ನಮ್ಮ ಅಪ್ಪನಿಗೂ ಇದೆ ಅಂತ ಹೇಳಿ ತಾನೇ ಜೋಪಾನವಾಗಿ ಮುಚ್ಚಿ ಕೊಟ್ಟಳು. ಲಂಡನ್‌ನಲ್ಲಿ ಮತ್ತೆ ತಪಾಸಣೆ, ಅಲ್ಲಿ ಟ್ರೇಗೆ ಹಾಕುವ ಮೊದಲೇ ಬಾಯಿಬಿಟ್ಟು ಹೇಳಿದೆವು, ತೊಂದರೆ ಆಗಲಿಲ್ಲ. ಫೀನಿಕ್ಸ್‌ನಲ್ಲಿ ಔಷಧಿ ಇದೆಯೇ ಅಂತ ಕೇಳಿದಾಗಲೂ ಇದೆ ಅಂತಲೇ ಹೇಳಿ ಫೈಲ್ ತೋರಿಸಿದೆವು. ಮುಚ್ಚಿಡುವುದಕ್ಕಿಂತ ಮೊದಲೇ ಹೇಳುವುದು ಎಲ್ಲ ಕಡೆಯೂ ಒಳ್ಳೆಯದು.

ಮಗಳ ಮನೆಗೆ ಹೋದಾಗ ಪಟ್ಟಿಗಳು ಸ್ವಲ್ಪ ತೆಳ್ಳಗಾಗಿದ್ದವು, ಲೋಳೆ ಇನ್ನೂ ಇತ್ತು, ಪೆನ್ನುಗಳು ತಂಪಾಗಿದ್ದವು. ಬಳಸುತ್ತಿರುವ ಒಂದನ್ನು ಬಿಟ್ಟು ಉಳಿದದ್ದೆಲ್ಲ ಫ್ರಿಜ್ ಸೇರಿತು, ಹಿಂದಿನ ಗೋಡೆಗೆ ತಾಗದ ಹಾಗೆ ಬಾಗಿಲ ಬದಿಗೆ. ಆಮೇಲೂ ಪೌಚಿಗೆ ಕೆಲಸ ತಪ್ಪಲಿಲ್ಲ. ಸಂಜೆ ಎಲ್ಲಾದರೂ ಹೊರಗೆ ಹೋದರೆ ಬಳಸುವ ಪೆನ್ನು ಅದರಲ್ಲೇ.

ವಾಪಸ್ ಬಂದಮೇಲೆ ಒಣಗಿಸುವುದು ಮಾತ್ರ ನಮ್ಮೂರಿನಲ್ಲಿ ದೊಡ್ಡ ಕೆಲಸ. ಚಾಂಡ್ಲರ್‌ನಲ್ಲಿ ತಾನಾಗಿ ಒಣಗಿ ಹರಳಾಗುತ್ತಿತ್ತು. ಇಲ್ಲಿ ಆಗಸ್ಟ್ ಮಳೆಯಲ್ಲಿ ಫ್ಯಾನಿನ ಕೆಳಗೆ ಹರಡಿ, ದಿನಾ ಮಗುಚಿ ಹಾಕಿ, ಆಮೇಲೆ ಬಿಸಿಲು ಬಂದಾಗ ಹೊರಗಿಟ್ಟು ಒಣಗಿಸಿದೆ. ಪೂರ್ತಿ ಒಣಗುವ ಮೊದಲು ಕಪಾಟಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಕೊಳ್ಳುವಾಗ ಗಾಢ ಬಣ್ಣದ ಹೊರಚೀಲ ತಗೊಳ್ಳಿ, ಕೊಳೆ ಕಾಣುವುದಿಲ್ಲ. ಮೂರು ತಿಂಗಳಿಗೆ ಹೋಗುವವರು ನಾಲ್ಕು ಪೆನ್ನಿನದ್ದು ಎರಡು, ಹದಿನೈದು ದಿನದ ಟೂರಿಗೆ ಹೋಗುವವರು ಚಿಕ್ಕದು ಒಂದು ತಗೊಂಡರೆ ಸಾಕು.